ನಾಲ್ಕನೇ ಸೀಟಿನ ಸೊಂಟ

ನಮ್ಮ ಮನ್ಯಾಗ ಮೂರು ಮಂದಿ ಆರಾಮಾಗಿ ಕೂಡೋ ಅಂಥಾ ಸೋಫಾ ಅದ. ಮನ್ಯಾಗ ಇರೋರು ನಾವಿಬ್ಬರ. ಅದರಾಗ ನಮ್ಮವರಿಗೆ ಖಿಡಕಿ ಕಡೆಗಿನ ಬೆತ್ತದ ಕುರ್ಚಿ ಬಿಟ್ಟು ಬ್ಯಾರೆ ಕಡೆ ಕೂತ್ರ ಪೇಪರ್ ಓದಿದ್ದು ತಲಿಗೆ ಹತ್ತಂಗಿಲ್ಲ. ಅಂದಮ್ಯಾಲೆ ಪೂರಾ ಸೋಫಾ ನಂದ. ಹಂಗಿದ್ರೂ ನಾನು ಕೂಡೋದು ಎಲ್ಲೆ ಅಂತೀರಿ? ಕೊಟ್ಟ ಕೊನೀಗೆ, ತುದಿ ಮ್ಯಾಲೆ. ಎಡಗಡಿ ಮಗ್ಗಲು ಗಾದಿ ಮ್ಯಾಲೆ, ಬಲಗಡಿ ಮಗ್ಗಲು ಗಾಳ್ಯಾಗ. ಒಂದು ಕಾಲು ನೆಲಕ್ಕ ಊರಿ, ತೊಡಿ ಮ್ಯಾಲೆ ಪರ್ಸು ಇಟ್ಕೊಂಡು ಕೂತಿರ್ತೀನಿ. ಮನ್ಯಾಗ ಪರ್ಸ್ ಯಾಕ ಅಂತ ಕೇಳಬ್ಯಾಡ್ರಿ. ಪರ್ಸ್ ಇಲ್ಲದಾಗ ಟಿವಿ ರಿಮೋಟ್ ಇರ್ತದ, ಅದೂ ಇಲ್ಲದಾಗ ಕೊತ್ತಂಬರಿ ಕಟ್ಟು.

"ಯಾರರೆ ಬರೋರಿದ್ದಾರೇನು?" ಅಂತ ನಮ್ಮವರು ಪೇಪರಿನ ಹಿಂದಿಂದ ಕೇಳ್ತಾರ.

"ಯಾರೂ ಇಲ್ಲ. ಯಾಕ?"

"ಮೂರು ಮಂದಿಗೆ ಜಾಗಾ ಬಿಟ್ಟು ಕೂತೀಯಲ್ಲಾ, ಅದಕ್ಕ ಕೇಳಿದೆ."

ನೀವು ಬೆಂಗಳೂರು, ಧಾರವಾಡದ ಕಡೆಯವರಾಗಿದ್ರ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಮುಂಬೈ ಲೋಕಲ್‌ನ ಒಂದು ಬಾಕಿನ ಮ್ಯಾಲೆ ಮೂರು ಮಂದಿ ಕೂಡಬೇಕು ಅಂತ ರೇಲ್ವೆಯವರ ಲೆಕ್ಕ. ಆದ್ರ ಕಲ್ಯಾಣ, ಡೊಂಬಿವಲಿಯ ಹೆಣ್ಣುಮಕ್ಕಳು ರೇಲ್ವೆಯವರ ಮಾತು ಎಂದರೆ ಕೇಳ್ಯಾರೇನು? ನಾಲ್ಕನೇದಾಕಿ ಬಂದು "ಜರಾ ಸರಕಾ" ಅಂದಳಂದ್ರ, ಕೂತ ಮೂವರೂ ಉಸಿರು ಒಳಗ ಎಳಕೊಂಡು ಸರೀಬೇಕು. ಎಷ್ಟು ಸರದ್ರೂ ಸಿಗೋದು ಅಂಗೈ ಅಗಲ ಜಾಗಾ. ಅದರ ಮ್ಯಾಲೆ ಒಂದು ಮಗ್ಗಲು ಇಟ್ಟು, ಇನ್ನೊಂದನ್ನ ದೇವರಿಗೆ ಬಿಟ್ಟು, ಕಾಲು ಊರಿ ಗಟ್ಟಿ ಹಿಡದು ಕೂಡೋದಕ್ಕ ನಾಲ್ಕನೇ ಸೀಟು ಅಂತಾರ. ಆ ಬಾಕಿಗೆ ನಾನು ನನ್ನ ನೌಕರಿಯ ಅಷ್ಟೂ ವರ್ಷ ಕೊಟ್ಟೀನಿ.

ನನಗ ಆ ಜಾಗಾ ಕಾಯಂ ಮಾಡಿಕೊಟ್ಟಾಕಿ ಪ್ರಮೀಳಾ. ಕುಂದಾಪುರದ ಕಡೆಯಾಕಿ, ಮನಿ ಕಲ್ಯಾಣದಾಗ. ಮುಂಬೈ ಫೋರ್ಟಿನ್ಯಾಗ ನನ್ನ ಆಫೀಸಿನ ಎದುರಿನ ಆಫೀಸಿನ್ಯಾಗ ಕೆಲಸ. ಗಾಡಿ ಕಲ್ಯಾಣದಿಂದನ ಹೊರಡತಿತ್ತು, ಹಿಂಗಾಗಿ ಅಕಿಗೆ ಖಿಡಕಿ ಸೀಟು ಸಿಗ್ತಿತ್ತು. ಡೊಂಬಿವಲಿ ಪ್ಲಾಟ್‌ಫಾರ್ಮ್ ಕಂಡ ಕೂಡ್ಲೆ ಅಕಿ ಒಳಗಿಂದ "ಚೌಥಿ ಸೀಟ್ ಮೇರಿವಾಲಿ ಕೀ ಹೈ!" ಅಂತ, ನಾಲ್ಕನೇ ಸೀಟು ನನ್ನ ಗೆಳತೀದು ಅಂತ, ಕೂಗು ಹಾಕ್ತಿದ್ಲು. ಆ ಕೂಗಿನ ದಿಕ್ಕು ಹಿಡದು ನಾನು ಮಂದಿ ನಡುವ ನುಗ್ಗಿ, ಸೆರಗು ಒಂದು ಕಡೆ, ಡಬ್ಬಿ ಚೀಲ ಇನ್ನೊಂದು ಕಡೆ, ಹೆಂಗೋ ಮುಟ್ಟಿ ಕೂಡ್ತಿದ್ದೆ. ಆಮ್ಯಾಲೆ ಮಟರ್ ಸುಲಿಯೋದೇನು, ಮೆಂತ್ಯದ ಪಲ್ಲೆ ಸೋಸೋದೇನು, ಅತ್ತಿ ಸುದ್ದಿ, ನಾದಿನಿ ಸುದ್ದಿ, ಹೊಸಾ ಸೀರಿಯ ಸೆರಗು ಮುಟ್ಟಿ ನೋಡಿ "ಎಷ್ಟಕ್ಕ ತಗೊಂಡಿ" ಅಂತ ಕೇಳೋದೇನು! ದಸರಾದ ಹಿಂದಿನ ದಿನ ರೈಲಿನ ಡಬ್ಬಿಗೆ ಚಂಡು ಹೂವಿನ ಮಾಲಿ ಕಟ್ಟಿ, ಕಂಬಕ್ಕ ಅರಿಷಿಣ ಕುಂಕುಮ ಹಚ್ಚಿ, ಪೇಢೆ ಹಂಚಿ, ದಿನಾ ನಮ್ಮನ್ನ ಹೊತ್ಕೊಂಡು ಹೋಗೋ ಗಾಡಿಗೆ ಆರತಿ ಬೆಳಗ್ತಿದ್ದಿವಿ. ನಾನು ಆರತಿನೂ ನಾಲ್ಕನೇ ಸೀಟಿನಿಂದನ ಮಾಡೀನಿ, ಎದ್ರ ಜಾಗಾ ಹೋಗ್ತದ ಅಂತ.

ಇಂಥಾ ನನಗ ರಿಟೈರ್ ಆದ ಮ್ಯಾಲೆ ಸೊಂಟ ಹಿಡಕೊಂಡಿತು. ಸೊಂಟ ಅಂತ ಎಲ್ಲಾರಿಗೂ ಹೇಳ್ತೀನಿ, ಖರೆ ಹೇಳಬೇಕಂದ್ರ ಸೊಂಟಕ್ಕಿಂತ ಒಂದು ಗೇಣು ಕೆಳಗ, ಎಡಗಡಿ. ಆ ಜಾಗಾದ ಹೆಸರನ್ನ ನಮ್ಮ ಮನೆತನದಾಗ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ, ನಾನೂ ಹೇಳಂಗಿಲ್ಲ. ಮುಲಾಮು ಹಚ್ಚಿದೆ, ಬಿಸಿನೀರಿನ ಚೀಲ ಇಟ್ಟೆ, ನಮ್ಮವರು ಫೋನಿನ್ಯಾಗ ಬಂದದ್ದೆಲ್ಲಾ ಓದಿ ಓದಿ ಹೇಳಿದ ಕಷಾಯ ಕುಡದೆ. ಎಲುಬಿನ ಡಾಕ್ಟರು ಎಕ್ಸ್-ರೇ ತೆಗಿಸಿ "ಎಲುಬು ಮಸ್ತ್ ಅದಾವ, ಸ್ನಾಯುದ ತ್ರಾಸು ಅದ, ಫಿಜಿಯೋ ಹತ್ರ ಹೋಗ್ರಿ" ಅಂದ್ರು. ಎಲುಬು ಮಸ್ತ್ ಅದಾವ ಅನ್ನೋ ಅಷ್ಟ ಮಾತು ತಗೊಂಡು ನಾನು ಮನೀಗೆ ಬಂದುಬಿಟ್ಟೆ. ನೆಲದ ಮ್ಯಾಲೆ ಕೂಡಾಕ ಬರಂಗಿಲ್ಲ ಅನ್ನೋದೊಂದ ತ್ರಾಸು. ಈ ಕಾಲದಾಗ ನೆಲದ ಮ್ಯಾಲೆ ಕೂತು ಆಗಬೇಕಾದ್ದೇನದ ಅಂತ ಅನ್ಕೊಂಡೆ.

ಅಷ್ಟರಾಗ ಮಗಳು ಪಲ್ಲವಿ ಕಾಮೋಠೆಯಿಂದ ಫೋನ್ ಮಾಡಿ, ತಾನು ಬಸರಿ ಅಂತ ಹೇಳಿದ್ಲು.

ಪಲ್ಲವಿ ಹುಟ್ಟಿದ್ದು, ಬೆಳದದ್ದು ಎಲ್ಲಾ ಡೊಂಬಿವಲಿಯೊಳಗ. ನಾ ಕನ್ನಡದಾಗ ಕೇಳ್ತೀನಿ, ಅಕಿ ಮರಾಠಿಯೊಳಗ ಹೇಳ್ತಾಳ, ಜಗಳಾನೂ ಹಂಗ ಆಗ್ತದ. ಏಳನೇ ತಿಂಗಳದಾಗ ತವರಿಗೆ ಬಾ ಅಂದ್ರ ಒಲ್ಲೆ ಅಂದ್ಲು, ಗಂಡನ ಆಫೀಸು ವಾಶಿಯೊಳಗ, ಇಲ್ಲೇ ಇರ್ತೀನಿ ಅಂದ್ಲು. ಆಗಲಿ, ನಾನ ಬರ್ತೀನಿ, ಕೂಸಿಗೆ ನಾನ ಎರೀತೀನಿ ಅಂದೆ.

"ಆಯಿ, ತುಲಾ ನಾಹೀ ಜಮಣಾರ್," ಅಂದ್ಲು. ನಿನ್ನ ಕೈಲೆ ಆಗಂಗಿಲ್ಲ ಅಂತ. "ನೆಲದ ಮ್ಯಾಲೆ ಕೂಡ್ಲಿಕ್ಕೇ ನಿನಗ ಆಗವಲ್ದು. ಎಣ್ಣಿ ತಿಕ್ಕಿ ಎರಿಯೋ ಮಾಲಿಶ್ ಬಾಯಿಗೆ ಹೇಳ್ತೀನಿ, ಬಿಲ್ಡಿಂಗಿನ್ಯಾಗ ಎಲ್ಲಾರೂ ಅಕಿನ್ನೇ ಕರಸ್ತಾರ." ಇದನ್ನೂ ಮರಾಠಿಯೊಳಗ ಹೇಳಿದ್ಲು, ನಾನು ನಿಮಗೋಸ್ಕರ ಕನ್ನಡ ಮಾಡೀನಿ.

ಕೂಸಿಗೆ ಎರಿಯೋದು ಅಂದ್ರ ಗೊತ್ತದಲ್ಲಾ? ಬಚ್ಚಲದಾಗ ಮಣಿ ಮ್ಯಾಲೆ ಕೂತು, ಎರಡೂ ಕಾಲು ಮುಂದ ನೀಡಿ, ಕಾಲಿನ ನಡುವಿನ ಹಳ್ಳದಾಗ ಕೂಸನ್ನ ಮಲಗಿಸ್ಕೋಬೇಕು. ಎಣ್ಣಿ ಹಚ್ಚಿ, ಹಿಟ್ಟು ತಿಕ್ಕಿ, ಬಿಸಿನೀರು ಹಾಕೋತನಾ ಬೆನ್ನು ನೆಟ್ಟಗಿರಬೇಕು, ಕಾಲು ಅಲ್ಲಾಡಬಾರದು. ನನ್ನ ಎಡಗಡಿ ಸ್ನಾಯು ಮಾಡಗೊಡದೇ ಇದ್ದ ಕೆಲಸ ಇದೊಂದ. ಮಣಿ ಮ್ಯಾಲೆ ಕೂತು ಕಾಲು ನೀಡಿದೆ ಅಂದ್ರ ಸೊಂಟದಿಂದ ಮೊಳಕಾಲಿನ ತನಕ ಹರದು ಹೋದಂಗ ಆಗ್ತಿತ್ತು.

ಮಾಲಿಶ್ ಬಾಯಿ ಎರದ್ರ ಏನಾತು ಅಂತ ನಮ್ಮವರೂ ಅಂದ್ರು. ಅವರಿಗೆ ಹೇಳಿ ತಿಳಿಸೋದು ಹೆಂಗ? ನಾನು ನನ್ನ ಮಗಳಿಗೆ ಒಂದ ದಿನಾನೂ ಎರದಿಲ್ಲ.

ಅಕಿ ಹುಟ್ಟಿದಾಗ ಬಾಣಂತನದಾಗ ಹಿರ್ಯಾರು ಎರದ್ರು, ಬಾಣಂತಿ ಎದ್ದು ಕೂಸಿಗೆ ಎರಿಯೋ ಪದ್ಧತಿ ಇಲ್ಲ. ರಜಾ ಮುಗದ ಕೂಡ್ಲೆ ಮತ್ತ ಗಾಡಿ. ಮುಂಜಾನೆ ನಾನು ಡಬ್ಬಿ ಕಟ್ಟಿಕೊಂಡು ಚಪ್ಪಲ್ ಮೆಟ್ಟೋ ಹೊತ್ತಿಗೆ ನಮ್ಮ ಅತ್ತಿ ತಾಮ್ರದ ಬಂಬ್‌ನ್ಯಾಗ ನೀರು ಕಾಯಿಸಿ, ಸೀರಿ ಮೊಳಕಾಲಿನ ಮ್ಯಾಲೆ ಕಟ್ಟಿ, ಮಣಿ ಮ್ಯಾಲೆ ಕೂತಿರ್ತಿದ್ರು. ನಾನು ಜಿನ್ನಿಯ ಮೆಟ್ಟಲು ಇಳಿಯೋವಾಗ ತಂಬಿಗಿ ಬಕೀಟಿಗೆ ಬಡಿಯೋ ಸಪ್ಪಳ, ಅದರ ಹಿಂದ ಕೂಸು ಅಳೋ ಸಪ್ಪಳ ಕೇಳ್ತಿತ್ತು. ಅತ್ತಿ ದನಿ ಎತ್ತಿ "ಗಂಗೀ ಬಾ, ಗೌರೀ ಬಾ, ನಮ್ಮ ಕೂಸಿನ ಮೈ ತೊಳಿ ಬಾ" ಅಂತ ತಮಗ ತಿಳದಂಗ ಹಾಡ್ತಿದ್ರು. ಓಣಿ ತಿರುವಿನ ತನಕ ಅದು ಕೇಳ್ತಿತ್ತು. ಆಮ್ಯಾಲೆ ರಿಕ್ಷಾದ ಹಾರ್ನು, ಸ್ಟೇಷನ್ನು, ಪ್ರಮೀಳಾನ ಕೂಗು.

ಸಂಜಿಗೆ ಮನೀಗೆ ಬಂದು ಮೊದಲು ಕೂಸಿನ ನೆತ್ತಿ ಮೂಸಿ ನೋಡ್ತಿದ್ದೆ. ಲೋಬಾನದ ವಾಸನಿ, ಬಜಿ ಬೇರಿನ ವಾಸನಿ, ನಮ್ಮ ಅತ್ತಿ ಕೈಯಿನ ವಾಸನಿ. ಅವರು ಭಾಳ ಪ್ರೀತಿಯಿಂದ ಎರದಾರ, ಅವರ ಉಪಕಾರ ನಾನು ಮರಿಯಂಗಿಲ್ಲ. ಆದ್ರ ಹೊಟ್ಟಿಯೊಳಗ ಕಿಚ್ಚು ಬೀಳ್ತಿತ್ತು, ಅದನ್ನ ಯಾಕ ಮುಚ್ಚಿಡಲಿ? ರವಿವಾರಕ್ಕೊಮ್ಮೆ "ಇವತ್ತು ನಾ ಎರೀಲೇನು" ಅಂತ ಕೇಳ್ತಿದ್ದೆ. "ವಾರಕ್ಕೊಮ್ಮೆ ಕೂತ್ರ ಕೂಸಿನ ಮೈ ತಿಳಿಯಂಗಿಲ್ಲವಾ, ನೀ ಸ್ವಲ್ಪ ಮಲಕೋ, ದಣದಿರ್ತಿ" ಅಂತಿದ್ರು. ಪಾಪ, ನನ್ನ ಮ್ಯಾಲಿನ ಕಾಳಜಿಗೇ ಅಂತಿದ್ರು. ನಾನು ಬಚ್ಚಲ ಬಾಗಿಲದಾಗ ಟಾವೆಲ್ ಹಿಡದು ನಿಂದರತಿದ್ದೆ. ನೋಡನೋಡತನಾ ಕೂಸು ದೊಡ್ಡದಾತು, ತಾನ ಮೈ ತೊಳಕೊಳ್ಳಿಕ್ಕೆ ಹತ್ತಿತು, ಬಾಗಿಲು ಹಾಕ್ಕೊಂಡಿತು.

ಹಿಂಗಾಗಿ, ಎಲುಬಿನ ಡಾಕ್ಟರು ಬರದುಕೊಟ್ಟ ಚೀಟಿ ಹುಡುಕಿ ತಗದು, ಸ್ಟೇಷನ್ ಹತ್ತಿರದ ಫಿಜಿಯೋ ಕ್ಲಿನಿಕ್ಕಿಗೆ ಹೋದೆ.

ಅಲ್ಲೆ ಹೊರಗ ಒಂದು ಬಾಕು, ಅದರ ಮ್ಯಾಲೆ ನನ್ನ ವಯಸ್ಸಿನ ಮೂವರು ಹೆಣ್ಣುಮಕ್ಕಳು ಕೂತಿದ್ರು. ನನಗ ಸೊಂಟ ಸಿಡೀತಿತ್ತು, ನಿಂದರಾಕ ಆಗವಲ್ದು. ತುದಿಗೆ ಕೂತಾಕಿ ಕಡೆ ಬಗ್ಗಿ, ಬಾಯಿ ತಪ್ಪಿ ಕೇಳಿಬಿಟ್ಟೆ, "ಕುಠೆ ಉತರ್ಣಾರ್?"

ಎಲ್ಲೆ ಇಳೀತೀರಿ ಅಂತ! ಲೋಕಲ್‌ನ್ಯಾಗ ಕೂತೋರ ಸೀಟು ಹಿಡಿಯೋ ಮೊದಲು ಕೇಳೋ ಪ್ರಶ್ನೆ. ಕ್ಲಿನಿಕ್ಕಿನ್ಯಾಗ ಯಾರು ಎಲ್ಲೆ ಇಳೀತಾರ? ನಾಲಿಗಿ ಕಡಕೊಂಡೆ. ಆದ್ರ ಆಕಿ ತಲಿ ಸೈತ ಎತ್ತಲಿಲ್ಲ, ಮೊಬೈಲ್ ನೋಡ್ಕೋತ, ಠಾಣೆ ಸ್ಟೇಷನ್ನಿಗೆ ಇಳಿಯೋರಂಗ, "ಠಾಣೆ" ಅಂದ್ಲು. ಅಂದಮ್ಯಾಲೆ ತನಗ ತಾನ ಎಚ್ಚರಾಗಿ ನನ್ನ ಮಾರಿ ನೋಡಿದ್ಲು. ಇಬ್ಬರೂ ಹಿಂಗ ನಕ್ಕಿವಿ ಅಂದ್ರ ಒಳಗಿನ ಹುಡುಗಿ ಏನಾತೋ ಅಂತ ಪರದೆ ಸರಿಸಿ ಹೊರಗ ಬಂದ್ಲು. ಆಮ್ಯಾಲೆ ಹೇಳಬೇಕೇನು, ಮೂವರೂ ಸರದು ನನಗ ನಾಲ್ಕನೇ ಸೀಟು ಕೊಟ್ಟರು.

ಪರದೆ ಸರಿಸಿದ ಆ ಹುಡುಗಿನ ಫಿಜಿಯೋ ಡಾಕ್ಟರ್. ಹೆಸರು ಕಾವ್ಯಾ. ಅಕಿ ಹಿಂದಿಯೊಳಗ ಎಲ್ಲಾ ಕೇಳಿದ್ಲು, ಮಗ್ಗಲಾಗಿ ಮಲಗಿಸಿ ಆ ಹೆಸರು ಹೇಳಬಾರದ ಜಾಗಾದಾಗ ಹೆಬ್ಬೆರಳಿಲೆ ಒತ್ತಿ ಒತ್ತಿ ನೋಡಿದ್ಲು. ಸ್ನಾಯುದೊಳಗ ಗಂಟು ಕಟ್ಟಿದಂಗ ಆಗ್ಯದ, ಡ್ರೈ ನೀಡ್ಲಿಂಗ್ ಮಾಡೋಣು ಅಂದ್ಲು. ಡ್ರೈ ಅಂದ್ರ ಒಣಾ ಸೂಜಿ, ಒಳಗ ಔಷಧ ಗಿವಷಧ ಏನೂ ಇಲ್ಲ, ಸೂಜಿ ಗಂಟಿನ ತನಕ ಹೋಗಿ ಅದನ್ನ ಸಡಿಲ ಮಾಡ್ತದ ಅಂತ. ಔಷಧ ಇಲ್ಲಂದ್ರ ಚುಚ್ಚೋದರೆ ಯಾಕ ಅಂತ ನನ್ನ ಮನಸ್ಸಿನ್ಯಾಗ ಬಂತು, ಕೇಳಲಿಲ್ಲ.

ಸೂಜಿ ಅಂದ್ರ ನನಗ ಸಣ್ಣಾಕಿದ್ದಾಗಿಂದ ಜೀವ ಹೋಗ್ತದ. ವಿಜಯಪುರದಾಗ ನಮ್ಮ ಓಣಿಯ ಡಾಕ್ಟರು ಸ್ಟೋವ್ ಮ್ಯಾಲೆ ಸಣ್ಣ ಪಾತ್ರಿ ಇಟ್ಟು ಸೂಜಿ ಕುದಿಸ್ತಿದ್ರು. ಅವು ಪಾತ್ರಿಯೊಳಗ ಕಿಣಿ ಕಿಣಿ ಅಂತ ಕುಣೀತಿದ್ವು. ಆ ಸಪ್ಪಳ ಕೇಳಿ ನಾನು ಒಮ್ಮೆ ದವಾಖಾನಿಯಿಂದ ಓಡಿ ಹೋಗಿ ಹಿಂದಿನ ಹಿಟ್ಟಿನ ಗಿರಣಿಯೊಳಗ ಅಡಗಿ ಕೂತಿದ್ದೆ. ಸಿಕ್ಕಾಗ ಪೂರಾ ಬೆಳ್ಳಗಾಗಿದ್ದೆ, ಹುಬ್ಬು ಸೈತ ಕಾಣ್ತಿದ್ದಿಲ್ಲಂತ. ಆದ್ರ ನಮ್ಮ ಅವ್ವ ಸೂಜಿ ಹಿಡದ್ರ ಮಾತ್ರ ನಾ ಹೆದರತಿದ್ದಿಲ್ಲ. ಜಾಲಿಮುಳ್ಳು ನೆಟ್ಟಾಗ ಅಕಿ ನನ್ನ ಅಂಗಾಲು ತನ್ನ ತೊಡಿ ಮ್ಯಾಲೆ ಇಟ್ಕೊಂಡು, ಬ್ಯಾರೆ ಏನೋ ಮಾತು ತಗೀತಿದ್ಲು. "ನಿಮ್ಮ ಸಾಲ್ಯಾಗ ಆ ದಪ್ಪ ಮಾಸ್ತರು ಇನ್ನೂ ನಿದ್ದಿ ಹೊಡೀತಾರೇನು?" ಅಂತ ಕೇಳೋದು. ನಾನು ಮಾಸ್ತರ ಗೊರಕಿ ಮಾಡಿ ತೋರಸೋದ್ರಾಗ ಮುಳ್ಳು ಅಕಿ ಅಂಗೈಯೊಳಗ ಇರ್ತಿತ್ತು.

ಕಾವ್ಯಾ ಹೊಸಾ ಸೂಜಿಯ ಪಾಕೀಟು ನನ್ನ ಮುಂದನ ಹರದು ತೋರಿಸಿದ್ಲು. ಕೂದಲೆಳಿಯಷ್ಟು ತೆಳ್ಳಗ. "ಢೀಲಾ ಛೋಡೋ ಆಂಟಿ" ಅಂದ್ಲು, ಮೈ ಸಡಿಲ ಬಿಡ್ರಿ ಅಂತ. ಒಂದು ಸಣ್ಣ ಟಪ್ ಅಂತು. ಇಷ್ಟೇನಾ, ಸೊಳ್ಳಿ ಕಡದದ್ದು ಇದಕ್ಕಿಂತ ಜಾಸ್ತಿ ಅಂತ ಅನ್ಕೊಳ್ಳೋದ್ರಾಗ ಸೂಜಿ ಗಂಟಿಗೆ ಮುಟ್ಟಿತು. ಒಳಗ ಯಾರೋ ಕೂತು ಕಚ್ ಅಂತ ಚಿವುಟಿ ಬಿಟ್ಟಂಗಾತು, ನನ್ನ ಸ್ನಾಯು ನನ್ನ ಕೇಳದ ತಾನ ಜಿಗೀತು.

"ಅಯ್ಯಯ್ಯೋ ಯವ್ವಾ! ಸತ್ನ್ಯೋ!"

ಸೂಜಿ ಹಿಡದ ಕೈ ನಿಂತಿತು. "ಅಯ್ಯೋ, ಆಂಟಿ, ನೀವು ಕನ್ನಡದವ್ರಾ?" ಅಂತ ಬೆನ್ನ ಹಿಂದಿಂದ ಮೈಸೂರು ಕನ್ನಡ ಬಂತು. "ಇಷ್ಟೊತ್ತು ನನ್ನ ಹತ್ರ ಅಷ್ಟು ಚೆನ್ನಾಗಿ ಹಿಂದಿ ಮಾತಾಡಿದ್ರಲ್ಲ! ನಮ್ಮದು ಮೈಸೂರು. ಮದುವೆ ಆಗಿ ಇಲ್ಲಿಗೆ ಬಂದೆ."

"ಹೌದವಾ, ವಿಜಯಪುರದಾಕಿ. ಮೊದಲು ಆ ಸೂಜಿ ತಗಿ, ಆಮ್ಯಾಲೆ ಪರಿಚಯ ಮಾಡ್ಕೊಳ್ಳೋಣು."

"ಇನ್ನೊಂದೆರಡು ಇದೆ ಆಂಟಿ. ಹಾಗೆ ಜಿಗಿದ್ರೆ ಒಳ್ಳೇದು, ಸರಿಯಾದ ಜಾಗ ಸಿಕ್ತು ಅಂತ ಅರ್ಥ. ಅದಿರ್ಲಿ, ಮನೇಲಿ ಯಾರ್ಯಾರಿದ್ದೀರಾ? ಮಕ್ಕಳೆಷ್ಟು?"

ನಾನು ಪಲ್ಲವಿ ಸುದ್ದಿ ಹೇಳಲಿಕ್ಕೆ ಶುರು ಮಾಡಿದೆ. ಅಕಿ ಬಸರಿ ಅನ್ನೋದು, ಕಾಮೋಠೆ, ಮಾಲಿಶ್ ಬಾಯಿ, ಕಾಲು ನೀಡಾಕ ಬರವಲ್ದು ಅನ್ನೋದು. ಹೇಳಿ ಮುಗಸೋದ್ರಾಗ ಇನ್ನೆರಡು ಸೂಜಿ ಹೋಗಿ ಹೊರಗ ಬಂದಿದ್ವು. ಎಲಾ ಹುಡುಗಿ, ನಮ್ಮ ಅವ್ವನ ಯುಕ್ತಿ ನಿನಗ ಯಾರು ಕಲಿಸಿದ್ರು ಅಂತ ಅನಸ್ತು.

"ಎಷ್ಟು ಟೈಮಿದೆ ನಮಗೆ?" ಅಂತ ಕೇಳಿದ್ಲು. ನಿಮಗ ಅನ್ನಲಿಲ್ಲ, ನಮಗ ಅಂದ್ಲು. ನನಗ ಅದು ಭಾಳ ಸೇರ್ತು.

"ಎರಡು ತಿಂಗಳ ಮ್ಯಾಲೆ ಸ್ವಲ್ಪ."

"ಆಗೇ ಆಗುತ್ತೆ ಅಂತ ನಾನು ಹೇಳಲ್ಲ ಆಂಟಿ. ಸೂಜಿ ಒಂದರಿಂದಲೇ ಆಗಲ್ಲ, ಮನೇಲಿ ಎಕ್ಸರ್‌ಸೈಜ್ ಮಾಡ್ಲೇಬೇಕು. ಈಗ ಎದ್ದು ಕೂತ್ಕೊಳ್ಳಿ."

ಎದ್ದು ಕೂತೆ. ಅಕಿ ಸುಮ್ಮನ ನಿಂತು ನೋಡಿದ್ಲು. ಸುತ್ತು ಹಾಕಿ ಇನ್ನೊಂದು ಕಡೆಯಿಂದ ನೋಡಿದ್ಲು. "ಆಂಟಿ, ಇಡೀ ಮಂಚ ಖಾಲಿ ಇದೆ. ನೀವ್ಯಾಕೆ ಇಷ್ಟು ತುದೀಲಿ, ಅದೂ ಒಂದೇ ಕಡೆ ಕೂತಿದೀರಾ?"

ನೋಡಿಕೊಂಡೆ. ಖರೇನ. ಎಡಗಡಿ ಮಗ್ಗಲು ಮಂಚದ ಮ್ಯಾಲೆ, ಬಲಗಡಿದು ಗಾಳ್ಯಾಗ, ಒಂದು ಕಾಲು ನೆಲಕ್ಕ ಊರಿದ್ದೆ. ನಮ್ಮವರು ಪೇಪರಿನ ಹಿಂದಿಂದ ಇಷ್ಟು ದಿನ ನಗಚಾಟಗಿ ಮಾಡಿದ್ದು ಇದನ್ನ. ನಾಲ್ಕನೇ ಸೀಟಿನ ಕಥಿ ಹೇಳಿದೆ. ಅಕಿಗೆ ನಗು ತಡಿಲಿಕ್ಕಾಗಲಿಲ್ಲ. ಅದಕ್ಕೇ ಹಿಂಗಾತು ಅಂತ ಗಟ್ಟಿಯಾಗಿ ಹೇಳಾಕ ಬರಂಗಿಲ್ಲ, ಆದ್ರ ಮೈಗೆ ಒಂದ ಕಡೆ ಭಾರ ಹಾಕೋ ರೂಢಿ ಬಿದ್ದುಬಿಟ್ಟದ, ಅದನ್ನ ಬಿಡಸದಿದ್ರ ಗಂಟು ಮತ್ತ ಕಟ್ಟತದ ಅಂತ ಅಂದ್ಲು.

ಸೂಜಿ ಚುಚ್ಚಿಸ್ಕೊಂಡ ದಿನ, ಮರುದಿನ ಆ ಜಾಗಾ ಯಾರೋ ಗುದ್ದಿದಂಗ ನೋವು ಇರ್ತಿತ್ತು, ಆಮ್ಯಾಲೆ ಸಡಿಲ ಆಗ್ತಿತ್ತು. ವಾರಕ್ಕೊಮ್ಮೆ ಹೋಗ್ತಿದ್ದೆ. ಸೂಜಿಯ ಅಂಜಿಕಿ ಹೋತು. ಬಿಡಲಾರದ್ದು ಅಂದ್ರ ಕೂಡೋ ರೂಢಿ. ಎರಡೂ ಮಗ್ಗಲು ಊರಿ, ಸೋಫಾದ ನಟ್ಟನಡುವ ಕೂಡಬೇಕು ಅಂತ ಕಾವ್ಯಾನ ಹುಕುಂ. ಹಂಗ ಕೂತ್ರ ನನಗ ಯಾರದೋ ಜಾಗಾ ನುಂಗಿ ಕೂತಂಗ ಮೈ ಮುಜುಗರ ಆಗ್ತಿತ್ತು. ಬಾಗಿಲದಾಗ ಯಾರಾರ ಬಂದು "ಜರಾ ಸರಕಾ" ಅಂತಾರೇನೋ ಅಂತ ಕಿವಿ ಅಲ್ಲೇ ಇರ್ತಿತ್ತು. ಟಿವಿ ನೋಡ್ಕೋತ ಮೈಮರತ್ರ ಸಾಕು, ತುದಿಗೆ ಬಂದು ಬಿಟ್ಟಿರ್ತಿದ್ದೆ.

"ಸರಿ ಒಳಗ!" ಅಂತ ನಮ್ಮವರು ಬೆತ್ತದ ಕುರ್ಚಿಯಿಂದ ಗದರಸ್ತಿದ್ರು. ಮದುವಿಯಾಗಿ ಇಷ್ಟು ವರ್ಷದಾಗ ಅವರಿಗೆ ನನ್ನ ಮ್ಯಾಲೆ ಹುಕುಂ ನಡಸಾಕ ಸಿಕ್ಕ ಮೊದಲನೇ ಅವಕಾಶ, ಬಿಟ್ಟಾರೇನು.

ಪ್ರಮೀಳಾಗ ಫೋನ್ ಮಾಡಿ ಸೂಜಿಯ ಸುದ್ದಿ ಹೇಳಿದೆ. "ಎಂತದು ಮಾರಾಯ್ತಿ, ನಿಂಗೆ ಸೊಂಟ, ನಂಗೆ ಕುತ್ತಿಗೆ," ಅಂದ್ಲು. "ಕಿಟಕಿ ಸರಳಿಗೆ ತಲೆ ಕೊಟ್ಟು ಮಲಗಿ ಮಲಗಿ ನನ್ನ ಕುತ್ತಿಗೆ ಒಂದೇ ಬದಿಗೆ ಓರೆ ಉಂಟು. ನೀನು ಪುಣ್ಯಾತ್ಮೆ, ನಿದ್ದೆಯಾದ್ರೂ ಮಾಡ್ಲಿಲ್ಲ." ಗಾಡಿಯೊಳಗ ಯಾರು ಎಲ್ಲೆ ಕೂಡ್ತಿದ್ರು ಅಂತ ಒಬ್ಬೊಬ್ಬರನ್ನ ನೆನಸಿ, ಈಗ ಅವರಿಗೆ ಎಲ್ಲೆ ನೋಯ್ತಿರಬೇಕು ಅಂತ ಲೆಕ್ಕ ಹಾಕ್ಕೋತ ಭಾಳ ಹೊತ್ತು ಮಾತಾಡಿದಿವಿ. ಬಾಗಿಲದಾಗ ನೇತಾಡತಿದ್ದ ಕುರ್ಲಾದ ಆ ಎತ್ತರದ ಹೆಣ್ಣುಮಗಳ ಭುಜ ಏನಾಗಿರಬೇಕು ಪಾಪ ಅಂದ್ಲು. ಫೋನ್ ಇಟ್ಟ ಮ್ಯಾಲೆ ನನಗ ಸುಮ್ಮಸುಮ್ಮನ ಅಳು ಬಂತು. ಆ ಗಾಡಿಯ ಗದ್ದಲ, ಬೆವರು, ಆ ನಗು ಎಲ್ಲಾ ಬೇಕಂತ ಅನಸ್ತು.

ಎರಡನೇ ತಿಂಗಳು ಬರೋ ಹೊತ್ತಿಗೆ ಕಾಲು ನೀಡಿ ಕೂಡಾಕ ಬರ್ತಿತ್ತು, ಆದ್ರ ಬೆನ್ನು ಗ್ವಾಡಿಗೆ ಆನಿಸಬೇಕು, ಸ್ವಲ್ಪ ಹೊತ್ತಿಗೆ ಎಡಗಡಿ ನಡುಗ್ತಿತ್ತು. ಕಾವ್ಯಾ ಭಾರ ಇಟ್ಕೊಂಡು ರೂಢಿ ಮಾಡ್ರಿ ಅಂದ್ಲು. ಕೂಸಿನ ತೂಕದ್ದು ಮನ್ಯಾಗ ಏನದ ಅಂತ ಹುಡಕಿದೆ. ಜ್ವಾಳದ ಹಿಟ್ಟಿನ ಚೀಲ ಸಿಕ್ಕಿತು. ಮಣಿ ಮ್ಯಾಲೆ ಕೂತು, ಚೀಲ ಕಾಲ ಮ್ಯಾಲೆ ಮಲಗಿಸ್ಕೊಂಡು, ಎಣ್ಣಿ ಹಚ್ಚಿದಂಗ, ಹೊಳ್ಳಿಸಿ ಬೆನ್ನು ತಿಕ್ಕಿದಂಗ ಮಾಡ್ತಿದ್ದೆ. ನಮ್ಮವರು ಚಹಾ ಕೇಳಾಕ ಬಂದೋರು ಬಾಗಿಲದಾಗ ನಿಂತರು.

"ಹಿಟ್ಟಿಗೆ ಖರೇನ ನೀರು ಹಾಕಿಗೀಕಿ ಮತ್ತ, ರೊಟ್ಟಿ ಆಗಂಗಿಲ್ಲ," ಅಂದ್ರು. ನಾ ನಗಲಿಲ್ಲ. ಅವರು ನನ್ನ ಮಾರಿ ನೋಡಿದ್ರು, ಒಳಗ ಬಂದ್ರು, ನನ್ನ ಬೆನ್ನಿನ ಹಿಂದ ಮೊಳಕಾಲೂರಿ ಕೂತು, ಬೆನ್ನಿಗೆ ತಮ್ಮ ಕೈ ಆಧಾರ ಕೊಟ್ಟರು. ಅವತ್ತಿಂದ ದಿನಾ ಮುಂಜಾನೆ ಹಂಗ ಕೂಡ್ತಿದ್ರು. ಚಹಾ ಆಮ್ಯಾಲೆ ಆಗ್ತಿತ್ತು.

ಪಲ್ಲವಿಗೆ ಹೆಣ್ಣು ಕೂಸು ಹುಟ್ಟಿತು, ಸುಸೂತ್ರ ಆತು. ಹೊಕ್ಕಳ ಬಳ್ಳಿ ಬಿದ್ದ ಮ್ಯಾಲೆ ಎರಿಯಬಹುದು ಅಂತ ಡಾಕ್ಟರು ಹೇಳಿದ ಕೂಡ್ಲೆ ನಾನು ಕಾಮೋಠೆಗೆ ಹೊರಟೆ. ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ಪನವೇಲ್ ಗಾಡಿ. ಮಧ್ಯಾಹ್ನದ ಹೊತ್ತು, ಪೂರಾ ಬಾಕು ಖಾಲಿ ಇತ್ತು, ನಡುವ ಕೂತು ಹೋದೆ.

ಪಲ್ಲವಿ ಒಂದ ಮಾತು ಹೇಳಿದ್ಲು. ನಾಳೆ ನೀ ಎರಿ. ನಿನಗ ತ್ರಾಸಾತು, ಕೈ ನಡಗಿತು ಅಂದ್ರ ನಾಡಿದ್ದಿನಿಂದ ಮಾಲಿಶ್ ಬಾಯಿ ಬರ್ತಾಳ, ಅಕಿಗೆ ಹೇಳಿಟ್ಟೀನಿ ಅಂತ. ಮಗಳು ಅಂದದ್ದು ತಪ್ಪೇನದ, ಅಕಿ ಕೂಸು, ಅಕಿ ಜೀವ. ನೀನೂ ಎಣ್ಣಿ ಹಚ್ಚಿಸ್ಕೋ, ಬಾಣಂತಿಗೆ ಬಿಸಿನೀರು ಛಲೋ ಅಂದೆ. ಅದೆಲ್ಲಾ ಬ್ಯಾಡ, ಶವರ್ ಅದ, ಸಾಕು ಅಂದ್ಲು.

ಮರುದಿನ ಅವರ ಸಣ್ಣ ಬಾಥ್‌ರೂಮಿನ್ಯಾಗ, ಕಮೋಡು ಮತ್ತ ವಾಷಿಂಗ್ ಮಷಿನ್ ನಡುವಿನ ಇಕ್ಕಟ್ಟಿನ್ಯಾಗ, ಪ್ಲಾಸ್ಟಿಕ್ ಮಣಿ ಹಾಕಿ ಕೂತೆ. ಕಾಲು ನೀಡಿದೆ. ಎಡಗಡಿ ಜುಂ ಅಂತು, ಹಲ್ಲು ಕಚ್ಚಿದೆ, ಆಮ್ಯಾಲೆ ತಾನ ಸುಮ್ಮನಾತು. ಅಳಿಯ ಕೂಸನ್ನ ತಂದು ಕಾಲ ಮ್ಯಾಲೆ ಇಟ್ಟ. ಅಷ್ಟು ಸಣ್ಣ ಜೀವ, ಅಷ್ಟು ಬೆಚ್ಚಗ! ಹಿಟ್ಟಿನ ಚೀಲ ಎಲ್ಲೆ, ಇದೆಲ್ಲೆ. ಹಿಟ್ಟಿನ ಚೀಲ ಒದೀತದೇನು? ಎಣ್ಣಿ ಹಚ್ಚಿದೆ, ಎದಿಗೆ, ಹೊಟ್ಟಿಗೆ, ತೊಡಿಯ ಒಂದೊಂದು ನಿರಿಗಿಗೆ. ಹೊಳ್ಳಿಸಿ ಬೆನ್ನಿಗೆ ನೀರು ಹಾಕಿದ್ರ ಮೊದಲು ಚೀರಿತು, ಆಮ್ಯಾಲೆ ಗಲ್ಲ ನನ್ನ ಮೊಳಕಾಲಿಗೆ ಆನಿಸಿ ಸುಮ್ಮನಾತು. ಪಲ್ಲವಿ ಬಾಗಿಲದಾಗ ನಿಂತು, ನಾ ಎಲ್ಲೆ ಮುಟ್ಟತೀನಿ, ಹೆಂಗ ಹಿಡೀತೀನಿ ಅಂತ ಕಣ್ಣು ಮಿಟುಕಿಸದ ನೋಡ್ತಿದ್ಲು. ಎಲ್ಲೂ ಬ್ಯಾಡ ಅನ್ನಲಿಲ್ಲ.

ಅಳಿಯ ಕೂಸನ್ನ ಟಾವೆಲ್ಲಿನ್ಯಾಗ ಸುತ್ತಿ ಹೊರಗ ಒಯ್ದ. ನಾನು ಏಳಲಿಕ್ಕೆ ಅಂತ ವಾಷಿಂಗ್ ಮಷಿನ್ ಹಿಡಕೊಂಡೆ. ಪಲ್ಲವಿ ಇನ್ನೂ ಅಲ್ಲೇ ನಿಂತಿದ್ಲು. ಕೂದಲಿನ ಕ್ಲಿಪ್ಪು ತಗದು ಕೈಯಾಗ ಹಿಡಕೊಂಡಿದ್ಲು. ನಿದ್ದಿ ಇಲ್ಲದ ಕಣ್ಣು ಕೆಂಪಗಾಗಿದ್ವು.

"ಆಯಿ," ಅಂದ್ಲು. "ಮಲಾ ಪಣ ಘಾಲ್ ನಾ ಆಂಘೋಳ್."

ನನಗೂ ಎರಿಯಲ್ಲಾ ಅಂತ.

ನಾನು ಮಷಿನ್ ಹಿಡಕೊಂಡು ಎದ್ದೆ. ಮಣಿ ಅಕಿ ಕಡೆ ಸರಿಸಿದೆ. ಅಕಿ ನನಗ ಬೆನ್ನು ಮಾಡಿ ಕೂತ್ಲು, ನಾ ಹಿಂದ ನಿಂತು ನೆತ್ತಿ ಮ್ಯಾಲೆ ಎಣ್ಣಿ ಇಟ್ಟೆ. ಮಗಳ ತಲಿ ಹೆಂಗದ ಅಂತ ನನ್ನ ಕೈಗೆ ಗೊತ್ತ ಇದ್ದಿಲ್ಲ. ಬಲಗಿವಿ ಹಿಂದ, ಕೂದಲೊಳಗ, ಎಳ್ಳಿನಷ್ಟು ಒಂದು ಮಚ್ಚಿ ಅದ, ಇಷ್ಟು ವರ್ಷದಾಗ ನಾ ನೋಡೇ ಇದ್ದಿಲ್ಲ. ಬಕೀಟಿನ್ಯಾಗ ಉಳದ ನೀರು ತಂಬಿಗಿಯೊಳಗ ತಗೊಂಡು, ಹಣಿಗೆ ಕೈ ಅಡ್ಡ ಹಿಡದು, ಸಾವಕಾಶ ಹಾಕಿದೆ. ಸುಡತದೇನು ಅಂತ ಕೇಳಿದೆ. ಇಲ್ಲ ಅಂತ ತಲಿ ಅಲ್ಲಾಡಿಸಿ, ಇನ್ನೂ ಹಾಕು ಅಂದ್ಲು.